ರಕ್ತದೊತ್ತಡದ ಹಿಂದೆ ಅಡಗಿರುವ ಗಡ್ಡೆ

ಸುಮ್ಮನೆ ಕುಳಿತಿದ್ದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು, ಮೈತುಂಬ ಬೆವರು, ಜೋರಾದ ಎದೆಬಡಿತ. ಆಗ ಬಿ.ಪಿ. ನೋಡಿದರೆ ವಿಪರೀತ ಏರಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಸರಿಹೋಗುತ್ತದೆ. ಮನೆಯವರು ಟೆನ್ಶನ್ ಎಂದುಕೊಳ್ಳುತ್ತಾರೆ. ಹೆಚ್ಚಿನವರಲ್ಲಿ ಕಾರಣ ಸಾಮಾನ್ಯವಾದದ್ದೇ. ಆದರೆ ಇದು ಮತ್ತೆ ಮತ್ತೆ ಮರುಕಳಿಸಿದರೆ ಫಿಯೋಕ್ರೋಮೋಸೈಟೋಮ ಎಂಬ ಅಪರೂಪದ ಗಡ್ಡೆ ಇದೆಯೇ ಎಂದು ಪರೀಕ್ಷಿಸಬೇಕು. ಅಧಿಕ ರಕ್ತದೊತ್ತಡ ಇರುವವರಲ್ಲಿ ಶೇ. 1ಕ್ಕಿಂತ ಕಡಿಮೆ ಮಂದಿಯಲ್ಲಿ ಇದು ಕಾಣುತ್ತದೆ.

ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳೇ ಅಡ್ರಿನಲ್ ಗ್ರಂಥಿಗಳು. ಇವುಗಳ ಒಳಭಾಗ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಹಾರ್ಮೋನುಗಳನ್ನು ಸ್ರವಿಸುತ್ತದೆ. ಅಲ್ಲಿ ಗಡ್ಡೆ ಬೆಳೆದರೆ ಈ ಹಾರ್ಮೋನುಗಳು ಮಿತಿಮೀರಿ ರಕ್ತಕ್ಕೆ ಸೇರುತ್ತವೆ.

ಮೊದಲು ಹಾರ್ಮೋನು ಪರೀಕ್ಷೆ

ಪತ್ತೆಯ ಮೊದಲ ಹೆಜ್ಜೆ ಸ್ಕ್ಯಾನ್ ಅಲ್ಲ. ರಕ್ತದಲ್ಲಿ ಅಥವಾ 24 ಗಂಟೆಗಳ ಮೂತ್ರದಲ್ಲಿ ಮೆಟಾನೆಫ್ರಿನ್ ಎಂಬ ಅಂಶವನ್ನು ಅಳೆಯುತ್ತಾರೆ. ರಕ್ತ ಕೊಡುವ ಮೊದಲು 20ರಿಂದ 30 ನಿಮಿಷ ಮಲಗಿರಬೇಕು. ಮೂತ್ರ ಪರೀಕ್ಷೆಯಾದರೆ ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಮರುದಿನ ಬೆಳಗಿನ ಮೂತ್ರದವರೆಗೆ ಎಲ್ಲವನ್ನೂ ಸಂಗ್ರಹಿಸಬೇಕು. ಖಿನ್ನತೆಯ ಕೆಲವು ಮಾತ್ರೆಗಳು, ನೆಗಡಿಯ ಕೆಲವು ಔಷಧಿಗಳು ಫಲಿತಾಂಶವನ್ನು ತಪ್ಪಾಗಿಸಬಹುದು. ಸೇವಿಸುವ ಔಷಧಿಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ತಾವಾಗಿಯೇ ನಿಲ್ಲಿಸಬೇಡಿ.

ಬಳಿಕ ಸ್ಕ್ಯಾನ್

ಹಾರ್ಮೋನು ಹೆಚ್ಚಿದ್ದರೆ ಗಡ್ಡೆ ಎಲ್ಲಿದೆ ಎಂದು ಹುಡುಕಲು ಸಾಮಾನ್ಯವಾಗಿ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಗರ್ಭಿಣಿಯರಿಗೆ, ಮಕ್ಕಳಿಗೆ ವಿಕಿರಣವಿಲ್ಲದ ಎಂ.ಆರ್.ಐ. ಸೂಕ್ತ. ಗಡ್ಡೆ ಬೇರೆಡೆಗೆ ಹರಡಿದ ಸಂಶಯವಿದ್ದರೆ ಎಂ.ಐ.ಬಿ.ಜಿ. ಅಥವಾ ಪೆಟ್ ಸ್ಕ್ಯಾನ್ ಬೇಕಾಗಬಹುದು.

ಸೂಜಿ ಚುಚ್ಚುವ ಮುನ್ನ

ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲೂ ಅಡ್ರಿನಲ್ ಗಡ್ಡೆ ಕಾಣಿಸಬಹುದು. ಆಗ ಬಯಾಪ್ಸಿಗೆ ಅವಸರ ಮಾಡಬಾರದು. ಇದು ಹಾರ್ಮೋನು ಗಡ್ಡೆಯಾಗಿದ್ದರೆ ಸೂಜಿ ತಾಗಿದೊಡನೆ ರಕ್ತದೊತ್ತಡ ಜೀವಕ್ಕೇ ಅಪಾಯವಾಗುವಷ್ಟು ಏರಬಹುದು. ಶಸ್ತ್ರಚಿಕಿತ್ಸೆಗೂ ಮೊದಲು 7ರಿಂದ 14 ದಿನ ಆಲ್ಫಾ ಬ್ಲಾಕರ್ ಎಂಬ ಔಷಧಿ ಕೊಟ್ಟು ಒತ್ತಡವನ್ನು ಹತೋಟಿಗೆ ತರುತ್ತಾರೆ. ಎದೆಬಡಿತಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಯನ್ನು ಇದಕ್ಕಿಂತ ಮೊದಲು ಕೊಡುವಂತಿಲ್ಲ.

ಹೆಚ್ಚಿನ ಗಡ್ಡೆಗಳು ಕ್ಯಾನ್ಸರ್ ಅಲ್ಲ. ತೆಗೆದ ನಂತರ ಅನೇಕರ ಬಿ.ಪಿ. ಸಹಜಕ್ಕೆ ಬರುತ್ತದೆ. ಆದರೂ ಗಡ್ಡೆ ಮರಳಬಹುದಾದ್ದರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಬಿಡಬಾರದು. ಸುಮಾರು ಮೂರರಲ್ಲಿ ಒಬ್ಬರಿಗೆ ಇದು ವಂಶವಾಹಿಯಿಂದ ಬರುವುದರಿಂದ ಒಡಹುಟ್ಟಿದವರು ಮತ್ತು ಮಕ್ಕಳಿಗೂ ತಪಾಸಣೆ ಬೇಕೇ ಎಂದು ಕೇಳಿ ತಿಳಿಯಿರಿ.

ಇಂಥ ತೊಂದರೆ ಬಂದಾಗ ದಿನಾಂಕ, ಹೊತ್ತು, ಬಿ.ಪಿ. ಎಷ್ಟಿತ್ತು ಎಂಬುದನ್ನು ಬರೆದಿಡಿ. ಆ ಚೀಟಿ ವೈದ್ಯರಿಗೆ ದಾರಿ ತೋರಿಸುತ್ತದೆ.