ಪ್ರೀತಿಗೊಂದು ಠಸ್ಸೆ

ರಬ್ಬರ್ ಸೀಲು ಮಾಡಿಕೊಡುವ ಅಂಗಡಿಗೆ ಹೋದರೆ ಮೊದಲು ಕೇಳುವುದು, ‘ಹುದ್ದೆ ಎಂತ ಹಾಕ್ಬೇಕು?’ ಆಮೇಲೆ, ‘ಸಹಿಗೆ ಜಾಗ ಬಿಡ್ಬೇಕಾ?’ ಹುದ್ದೆಯೂ ಬೇಡ, ಸಹಿಗೆ ಜಾಗವೂ ಬೇಡ, ‘ಪ್ರೀತಿಯಿಂದ’ ಎಂಬ ಒಂದೇ ಪದ ಸಾಕು ಎಂದಾಗ ನಮ್ಮೂರಿನ ಅಂಗಡಿಯವರು ಆರ್ಡರ್ ಪುಸ್ತಕದಿಂದ ತಲೆಯೆತ್ತಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ‘ಯಾವ ಸಂಸ್ಥೆ?’ ಎಂದರು.

ಅವರ ತಪ್ಪೇನಿಲ್ಲ. ನಮ್ಮಲ್ಲಿ ಠಸ್ಸೆ ಎಂದರೆ ಸರಕಾರ. ಗ್ರಾಮಕರಣಿಕರ ಮೇಜಿನಿಂದ ಹಿಡಿದು ಸಬ್‌ರಿಜಿಸ್ಟ್ರಾರ್ ಕಚೇರಿಯ ತನಕ ಆ ನೇರಳೆ ಗುರುತು ಬೀಳುವವರೆಗೆ ಕಾಗದಕ್ಕೆ ಜೀವವಿಲ್ಲ. ಹೇಳಿದ್ದಕ್ಕೆಲ್ಲ ತಲೆಯಾಡಿಸುವವರನ್ನು ಹಂಗಿಸುವುದಕ್ಕೂ ‘ರಬ್ಬರ್ ಸ್ಟಾಂಪ್’ ಎನ್ನುತ್ತೇವೆ. ಅಂಥ ವಸ್ತುವಿನಿಂದ ಹಬ್ಬದ ಶುಭಾಶಯ ಪತ್ರ ಮಾಡಬಹುದೆಂದು ನನಗೂ ಗೊತ್ತಾದದ್ದು ಫೋರ್ಟ್ ಕೊಚ್ಚಿಗೆ ಬಂದು ಸಂಸಾರ ಹೂಡಿದ ಮೇಲೆಯೇ.

ಡಿಸೆಂಬರ್ ಬಂತೆಂದರೆ ಫೋರ್ಟ್ ಕೊಚ್ಚಿಯ ಬೀದಿಗಳ ತುಂಬ ಕಾಗದದ ನಕ್ಷತ್ರ. ವರ್ಷದ ಕೊನೆಯ ದಿನಗಳಲ್ಲಿ ಕೊಚ್ಚಿನ್ ಕಾರ್ನಿವಲ್. 31ರ ನಡುರಾತ್ರಿ ಪಾಪ್ಪಾಂಞಿ ಎಂಬ ಮುದುಕನ ದೊಡ್ಡ ಬೊಂಬೆಯನ್ನು ಸುಟ್ಟು ಹಳೆಯ ವರ್ಷವನ್ನು ಕಳಿಸಿಕೊಡುತ್ತಾರೆ. ನಮ್ಮ ಪಕ್ಕದ ಮನೆಯಲ್ಲಿ ಮಾತ್ರ ನವೆಂಬರಿನಿಂದಲೇ ಊಟದ ಮೇಜು ಊಟಕ್ಕೆ ಸಿಗುವುದಿಲ್ಲ. ನಿವೃತ್ತ ಶಿಕ್ಷಕಿಯೊಬ್ಬರ ಮನೆ ಅದು. ಕೇರಳದಲ್ಲಿ ಒಮ್ಮೆ ಟೀಚರ್ ಆದವರು ಸಾಯುವ ತನಕ ಟೀಚರ್, ಹಾಗಾಗಿ ನಾವೂ ಅವರನ್ನು ಹಾಗೆಯೇ ಕರೆಯುವುದು. ಮೇಜಿನ ಮೇಲೆ ಇಂಕ್ ಪ್ಯಾಡುಗಳು, ಸ್ಪಂಜಿನ ಚೂರುಗಳು, ಅಕ್ರಿಲಿಕ್ ತುಂಡುಗಳು, ಮರದ ಹಿಡಿಯ ಅಚ್ಚುಗಳು. ಕಿಟಕಿಯಿಂದ ಕಿಟಕಿಗೆ ಎಳೆದ ದಾರದಲ್ಲಿ ಬಟ್ಟೆಯಂತೆ ಕ್ಲಿಪ್ ಹಾಕಿ ನೇತುಬಿಟ್ಟ ಕಾರ್ಡುಗಳು. ‘ಉಣಙ್ಙಿಯೋ?’ ಎಂದು ಅವರು ಗಳಿಗೆಗೊಮ್ಮೆ ಕೇಳುತ್ತಿದ್ದರು. ನಮ್ಮ ‘ಒಣಗಿತಾ?’ ಅಷ್ಟೆ. ಮಲಯಾಳದಲ್ಲಿ ನನಗೆ ಮೊದಲು ಗಟ್ಟಿಯಾದ ಕ್ರಿಯಾಪದ ಅದು.

ಅಚ್ಚು ಒತ್ತುವ ಈ ಕಲೆ ನಮಗೆ ಹೊಸದೇನಲ್ಲ. ಬೆಂಡೆಕಾಯಿಯನ್ನು ಅಡ್ಡ ಕೊಯ್ದು, ಬಣ್ಣದಲ್ಲಿ ಅದ್ದಿ, ಡ್ರಾಯಿಂಗ್ ಪುಸ್ತಕದ ಮೇಲೆ ಒತ್ತಿ ಹೂವು ಮೂಡಿಸಿದ್ದು ಎಲ್ಲರಿಗೂ ನೆನಪಿರಬೇಕು. ಬೆಂಡೆಕಾಯಿಯ ಜಾಗಕ್ಕೆ ರಬ್ಬರ್ ಬಂದಿದೆ, ಬಣ್ಣದ ಜಾಗಕ್ಕೆ ಶಾಯಿ. ಕಾಗದದ ಲೆಕ್ಕವೂ ಸುಲಭ: ದಪ್ಪ ಎ4 ಹಾಳೆಯನ್ನು ಎರಡು ತುಂಡು ಮಾಡಿ ಒಂದೊಂದನ್ನೂ ನಡುವೆ ಮಡಿಸಿದರೆ ಎರಡು ಕಾರ್ಡು. ಮಡಿಸುವ ಮೊದಲು ಬರೆಯದ ರೀಫಿಲ್ಲಿನ ತುದಿಯಿಂದ ಗೆರೆ ಎಳೆದುಕೊಳ್ಳದಿದ್ದರೆ ಮಡಿಕೆಯಲ್ಲಿ ಕಾಗದ ಸಿಗಿಯುತ್ತದೆ.

ನಾನು ಮೊದಲು ಕಲಿತದ್ದು ಚೀನೀ ಬಲೆಯ ಕಾರ್ಡು. ಕಡಲ ದಂಡೆಯಲ್ಲಿ ಕಾಲು ಮಡಚಿ ಕುಳಿತ ಜೇಡದ ಹಾಗೆ ಕಾಣುವ, ಹಗ್ಗಕ್ಕೆ ಕಲ್ಲುಗುಂಡು ಕಟ್ಟಿದ ಆ ದೊಡ್ಡ ಬಲೆಯನ್ನು ಟೀಚರ್ ಎರಡು ಇಂಚಿನ ಅಳಿಸುವ ರಬ್ಬರಿನಲ್ಲಿ ಕೆತ್ತಿದ್ದರು. ಮೊದಲು ಅಂಟುಚೀಟಿಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ವೃತ್ತ ಕತ್ತರಿಸಿ ಕಾರ್ಡಿಗೆ ಅಂಟಿಸಬೇಕು. ಅದು ಸೂರ್ಯ. ಆಮೇಲೆ ಸ್ಪಂಜಿನ ಚೂರಿಗೆ ಹಳದಿ ಶಾಯಿ ಸೋಕಿಸಿ, ಕಾರ್ಡಿನ ಹೊರಗಿನಿಂದಲೇ ಉಜ್ಜುತ್ತಾ ಒಳಗೆ ಬರಬೇಕು. ಸ್ಪಂಜನ್ನು ನೇರ ಕಾರ್ಡಿನ ನಡುವೆ ಇಟ್ಟರೋ, ಅಲ್ಲಿಯೇ ಒಂದು ಕಲೆ ನಿಂತಿತು. ಹಳದಿಯ ಮೇಲೆ ಕಿತ್ತಳೆ, ಕಿತ್ತಳೆಯ ಮೇಲೆ ಕೆಂಪು. ತೆಳು ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. ಅಂಟುಚೀಟಿ ಕಿತ್ತರೆ ಬೆಳ್ಳನೆಯ ಸೂರ್ಯ ಅಲ್ಲೇ ಕುಳಿತಿರುತ್ತಾನೆ.

ಇನ್ನು ಬಲೆ. ಕಪ್ಪು ಪ್ಯಾಡಿಗೆ ಅಚ್ಚನ್ನು ತಟ್ಟಿ, ಕಾರ್ಡಿನ ಬಲಮೂಲೆಯಲ್ಲಿ ಒತ್ತಿದೆವು. ಮತ್ತೆ ಶಾಯಿ ಮುಟ್ಟಿಸದೆ, ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲೆ ಇನ್ನೊಮ್ಮೆ. ಇನ್ನೂ ಎಡಕ್ಕೆ ಮೂರನೆಯ ಸಲ. ಮೊದಲನೆಯದು ಕಡುಕಪ್ಪು, ಎರಡನೆಯದು ಬೂದು, ಮೂರನೆಯದು ಇದೆಯೋ ಇಲ್ಲವೋ ಎಂಬಷ್ಟು ತೆಳು. ಮೂರೂ ಒಂದೇ ಗಾತ್ರ. ಆದರೂ ಬಣ್ಣ ಇಳಿದ ಹಾಗೆ ಕಣ್ಣು ಬಲೆಗಳನ್ನು ದೂರ ದೂರಕ್ಕೆ ತಳ್ಳಿಬಿಡುತ್ತದೆ. ಬೆಳಗಿನ ಮಂಜಿನಲ್ಲಿ ಇಲ್ಲಿನ ದಂಡೆಯಲ್ಲಿ ನಿಂತರೆ ಕಾಣುವುದೂ ಹಾಗೆಯೇ. ಒಂದೇ ಸಲದ ಶಾಯಿಯಲ್ಲಿ ಅರ್ಧ ಮೈಲಿ ಕಡಲತೀರ!

ಒತ್ತುವುದರಲ್ಲೂ ರೀತಿಯಿದೆ. ಗುಮಾಸ್ತರ ಹಾಗೆ ಧಡ್ಡೆಂದು ಹೊಡೆಯುವಂತಿಲ್ಲ. ಇಳಿಸಬೇಕು, ಬೆರಳುಗಳಿಂದ ಸಮನಾಗಿ ಅದುಮಬೇಕು, ಅಲ್ಲಾಡಿಸದೆ ನೇರ ಎತ್ತಬೇಕು. ಕಾರ್ಡಿನ ಕೆಳಗೆ ಎರಡು ಮಡಿಕೆ ಹಳೆಯ ಮಲಯಾಳ ಮನೋರಮಾ ಇದ್ದರೆ ಗೆರೆಗಳು ಎಲ್ಲೂ ಬಿಟ್ಟುಹೋಗದೆ ಮೂಡುತ್ತವೆ.

ಈ ಕಸುಬಿನಲ್ಲಿ ಕೊಚ್ಚಿಯ ಹವೆಯೊಡನೆ ಜಗಳ ತಪ್ಪಿದ್ದಲ್ಲ. ಶಾಯಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಡೈ ಶಾಯಿ ಕಾಗದದೊಳಗೆ ಇಂಗುತ್ತದೆ, ಬೇಗ ಒಣಗುತ್ತದೆ, ನೀರು ಬಿದ್ದರೆ ಹರಡುತ್ತದೆ. ಪಿಗ್ಮೆಂಟ್ ಶಾಯಿ ಕಾಗದದ ಮೇಲೆಯೇ ಕೂರುತ್ತದೆ, ಬಣ್ಣ ದಟ್ಟ, ಆದರೆ ಒಣಗಲು ಅವಸರವಿಲ್ಲ. ಮಳೆಗಾಲದಲ್ಲಂತೂ ಮರುದಿನವೂ ಬೆರಳಿಗೆ ಹತ್ತುತ್ತದೆ. ಕಚೇರಿಯ ನೇರಳೆ ಪ್ಯಾಡಂತೂ ಬೇಡವೇ ಬೇಡ. ಪ್ಯಾಡು ಆರದಿರಲೆಂದು ಗ್ಲಿಸರಿನ್‌ನಂಥದ್ದನ್ನು ಸೇರಿಸಿರುವ ಆ ಶಾಯಿ, ನುಣುಪು ಕಾರ್ಡಿನ ಮೇಲೆ ಒಣಗುವುದನ್ನೇ ಮರೆಯುತ್ತದೆ.

ಆದರೆ ಆರದ ಶಾಯಿಯೇ ಬೇಕಾಗುವ ಒಂದು ಕೆಲಸವಿದೆ: ಎಂಬಾಸಿಂಗ್. ಹಸಿ ಗುರುತಿನ ಮೇಲೆ ಬಂಗಾರದ ಬಣ್ಣದ ಪುಡಿ ಉದುರಿಸಿ, ಹಾಳೆ ವಾಲಿಸಿ ಹೆಚ್ಚಿನದನ್ನು ಡಬ್ಬಿಗೆ ತಟ್ಟಿ, ಹೀಟ್ ಗನ್ನಿನ ಬಿಸಿಗಾಳಿ ಹಿಡಿದರೆ ಪುಡಿ ಕರಗುತ್ತದೆ. ಮಂಕಾಗಿದ್ದ ಗೆರೆ ನೋಡನೋಡುತ್ತಿದ್ದಂತೆ ತುಪ್ಪ ಸವರಿದ ಹಾಗೆ ಹೊಳೆದು ಉಬ್ಬಿ ನಿಲ್ಲುತ್ತದೆ. ನೂರನೆಯ ಸಲ ಮಾಡುವಾಗಲೂ ನಾನು ಆ ಗಳಿಗೆಯಲ್ಲಿ ಉಸಿರು ಬಿಡುವುದಿಲ್ಲ. ಕೂದಲು ಒಣಗಿಸುವ ಡ್ರೈಯರ್ ಸಾಲದು. ಶಾಖ ಕಡಿಮೆ, ಗಾಳಿ ಜೋರು, ಪುಡಿಯೆಲ್ಲ ಹಾರಿಹೋಗುತ್ತದೆ. ಹೀಟ್ ಗನ್ ಇಲ್ಲದ ಕಾಲದಲ್ಲಿ ಟೀಚರ್ ಇಸ್ತ್ರಿಪೆಟ್ಟಿಗೆಯನ್ನು ಮಗುಚಿ ಹಿಡಿದು ಅದರ ಮೇಲೆ ಕಾರ್ಡು ಕಾಯಿಸುತ್ತಿದ್ದರಂತೆ.

ನನ್ನ ಮೊದಲ ಬಂಗಾರದ ಕಾರ್ಡು ಮಾತ್ರ ಸಿಡುಬು ಎದ್ದ ಹಾಗಿತ್ತು. ಕಡಲಗಾಳಿಯ ತೇವವನ್ನು ಕಾಗದವೇ ಹೀರಿಕೊಂಡಿದ್ದರಿಂದ ಪುಡಿ ಕಂಡಕಂಡಲ್ಲಿ ಹಿಡಿದಿತ್ತು. ಟೀಚರ್ ಮದ್ದು ಹೇಳಿದರು: ಅಚ್ಚು ಒತ್ತುವ ಮೊದಲು ಬರೀ ಹಾಳೆಗೆ ಒಮ್ಮೆ ಬಿಸಿಗಾಳಿ ಹಿಡಿ, ಆಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಹಳೆಯ ಕಾಲುಚೀಲದ ತುದಿಯಲ್ಲಿ ಗಂಟು ಕಟ್ಟಿ ಹಾಳೆಯ ಮೇಲೆ ತಟ್ಟು. ಅಂದಿನಿಂದ ನಮ್ಮ ಮನೆಯಲ್ಲೂ ಒಂದು ಕಾಲುಚೀಲ ಒಂಟಿ.

ಕೈಯಲ್ಲಿ ಹಿಡಿದ ಈ ರಬ್ಬರಿಗೂ ಕೇರಳಕ್ಕೂ ಇರುವ ನಂಟನ್ನು ಬೇರೆ ಹೇಳಬೇಕಿಲ್ಲ. ಪೆರಿಯಾರ್ ದಂಡೆಯ ತಟ್ಟೇಕಾಡಿನಲ್ಲಿ 1902ರಲ್ಲಿ ವಾಣಿಜ್ಯದ ರಬ್ಬರ್ ತೋಟ ಶುರುವಾಯಿತು. ಈಗ ರಬ್ಬರ್ ಮಂಡಳಿಯ ಕಚೇರಿ ಇರುವುದೂ ಕೋಟ್ಟಯಂನಲ್ಲಿಯೇ. ಸುಳ್ಯದ ಅಕ್ಕನ ಮನೆಯ ಹಿಂದೆಯೂ ಅದೇ ಮರಗಳ ಸಾಲು. ನಸುಕಿನಲ್ಲಿ ತೊಗಟೆ ಗೀರಿ ಹಾಲು ಇಳಿಸುವುದು, ಆ್ಯಸಿಡ್ ಬೆರೆಸಿ ಹೆಪ್ಪುಗಟ್ಟಿಸುವುದು, ರೋಲರಿನಲ್ಲಿ ಒತ್ತಿ ಶೀಟು ಮಾಡಿ ಹೊಗೆಯಲ್ಲಿ ಒಣಗಿಸುವುದನ್ನೆಲ್ಲ ನೋಡುತ್ತಲೇ ಬೆಳೆದವಳು ನಾನು. ಆದರೆ ಆ ನಾರುವ ಶೀಟಿನಿಂದ ಸೀಲು ಆದದ್ದು ಹೇಗೆಂದು ಯೋಚಿಸಿರಲಿಲ್ಲ. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರ್ ಬೇಸಿಗೆಗೆ ಅಂಟದೆ, ಚಳಿಗೆ ಒಡೆಯದೆ ಉಳಿಯುತ್ತದೆ ಎಂಬ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ. ಅದನ್ನು ಮೊದಲು ಹಿಡಿದುಕೊಂಡವರಲ್ಲಿ ದಂತವೈದ್ಯರೂ ಇದ್ದರು, ಕಟ್ಟುಹಲ್ಲಿನ ವಸಡಿಗಾಗಿ. 1860ರ ದಶಕದಲ್ಲಿ ರಬ್ಬರ್ ಸ್ಟಾಂಪ್ ಹುಟ್ಟಿದಾಗ ಅದನ್ನು ಬೇಯಿಸಿದ್ದು ಹಲ್ಲಿನ ಸೆಟ್ಟು ಬೇಯಿಸುವ ಅದೇ ಪುಟ್ಟ ಪಾತ್ರೆಗಳಲ್ಲಿ. ಮೊದಲು ಮಾಡಿದವನು ತಾನೆಂದು ಹೇಳಿಕೊಂಡವರು ಒಬ್ಬರಿಗಿಂತ ಹೆಚ್ಚು. ಈಗಿನ ಅಂಗಡಿಗಳಲ್ಲಿ ಬಹುಪಾಲು ರಬ್ಬರೂ ಇಲ್ಲ: ದ್ರವ ಪಾಲಿಮರ್ ಸುರಿದು, ನೆಗೆಟಿವ್ ಮೂಲಕ ಅತಿನೇರಳೆ ಬೆಳಕು ಬಿಟ್ಟು, ಗಟ್ಟಿಯಾಗದ್ದನ್ನು ತೊಳೆದುಹಾಕುತ್ತಾರೆ. ಟೀಚರ್ ಕೆತ್ತುವ ಅಳಿಸುವ ‘ರಬ್ಬರ್’ ಕೂಡ ನಿಜಕ್ಕೆ ಪ್ಲಾಸ್ಟಿಕ್ಕೇ. ರಬ್ಬರಿನ ನಾಡಿನಲ್ಲಿ ಕುಳಿತು ಇದನ್ನು ಹೇಳಲು ನಾಚಿಕೆಯಾಗುತ್ತದೆ.

ಅಚ್ಚು ಒತ್ತುವುದರಲ್ಲಿ ಕೊಚ್ಚಿಯ ಕೈ ಹಳೆಯದು. 1579ರಷ್ಟು ಹಿಂದೆಯೇ ಇಲ್ಲಿ ಜೆಸ್ಯೂಟ್ ಪಾದ್ರಿಗಳು ತಮಿಳು ಅಕ್ಷರಗಳಲ್ಲಿ ಪುಸ್ತಕವೊಂದನ್ನು ಅಚ್ಚು ಹಾಕಿದ್ದರು. ಆಮೇಲೆ ಅಂಚಲ್. ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಸ್ವಂತ ಅಂಚೆಗೆ ಆ ಹೆಸರು. ತಿರುವಾಂಕೂರಿನ ಅಂಚಲ್ 1888ರಲ್ಲಿ ಶಂಖದ ಚಿತ್ರದ ಅಂಚೆಚೀಟಿ ತಂದರೆ, ಕೊಚ್ಚಿ 1892ರಲ್ಲಿ ತನ್ನದೇ ಚೀಟಿ ತಂದಿತು, ಬೆಲೆ ಪುತ್ತನ್ ಎಂಬ ಸ್ಥಳೀಯ ನಾಣ್ಯದ ಲೆಕ್ಕದಲ್ಲಿ. 1949ರಲ್ಲಿ ಎರಡು ರಾಜ್ಯಗಳು ಒಂದಾದಾಗ ಇದ್ದ ಚೀಟಿಗಳ ಮೇಲೆಯೇ ಹೊಸ ಹೆಸರಿನ ಮೊದಲಕ್ಷರಗಳನ್ನು ಒತ್ತಿ ಹಂಚಿದರು. 1951ರಲ್ಲಿ ಅಂಚಲ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಇವತ್ತು ಚೀಟಿ ಸಂಗ್ರಹಿಸುವವರು ಬಾಯಿಬಿಟ್ಟು ಹುಡುಕುವುದು ಅಕ್ಷರ ಹಾರಿದ, ತಲೆಕೆಳಗಾಗಿ ಒತ್ತಿದ ಪ್ರತಿಗಳನ್ನು. ಸರಿಯಾಗಿ ಬಿದ್ದವನ್ನು ಕೇಳುವವರು ಕಡಿಮೆ.

ಅಚ್ಚು ಕೆತ್ತುವವರಿಗೆ ದೊಡ್ಡ ತಲೆನೋವು ಕನ್ನಡಿಯದು. ಎಡ ಬಲವಾಗಬೇಕು, ಬಲ ಎಡವಾಗಬೇಕು. ಅದಕ್ಕೊಂದು ಸುಲಭೋಪಾಯ: ಟ್ರೇಸಿಂಗ್ ಹಾಳೆಯ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ನೇರವಾಗಿಯೇ ಬರೆದು, ಹಾಳೆಯನ್ನು ಅಳಿಸುವ ರಬ್ಬರಿನ ಮೇಲೆ ಮಗುಚಿ ಉಗುರಿನಿಂದ ಉಜ್ಜಿದರೆ ತಿರುವುಮುರುವು ಅಕ್ಷರ ತಾನಾಗಿಯೇ ಇಳಿಯುತ್ತದೆ. ಕನ್ನಡಿಯ ಈ ಗುಣವನ್ನು ನಮ್ಮ ಚುನಾವಣೆಯವರು ಚೆನ್ನಾಗಿ ಬಳಸಿದ್ದಾರೆ. ಮತಪತ್ರದ ಮೇಲೆ ಒತ್ತುವ ಬಾಣದ ತುದಿಯ ಅಡ್ಡಗುರುತು ಒಂದೇ ದಿಕ್ಕಿಗೆ ತಿರುಗಿರುತ್ತದೆ. ಹಸಿ ಶಾಯಿಯಿದ್ದಾಗಲೇ ಮಡಿಸಿ ಇನ್ನೊಬ್ಬ ಅಭ್ಯರ್ಥಿಯ ಚಿಹ್ನೆಯ ಮೇಲೂ ಗುರುತು ಬಿದ್ದರೆ, ಅದು ಎದುರು ದಿಕ್ಕಿಗೆ ತಿರುಗಿರುವುದರಿಂದ ಯಾವುದು ಅಸಲಿ ಎಂದು ಎಣಿಸುವವರಿಗೆ ತಿಳಿಯುತ್ತದೆ. ಶಾಯಿಯ ಮಾತು ಬಂದಾಗ ಟೀಚರ್ ಎದುರು ನಾನೂ ಸ್ವಲ್ಪ ಬೀಗುವುದುಂಟು: ದೇಶದ ಬೆರಳಿಗೆಲ್ಲ ಹಚ್ಚುವ ಶಾಯಿ ನಮ್ಮ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯದು, 1962ರ ಚುನಾವಣೆಯಿಂದ.

ಕಾರ್ಡಿನ ಅಚ್ಚುಗಳು ಸೆಟ್ಟುಗಟ್ಟಲೆ ಸಿದ್ಧವಾಗಿಯೂ ಸಿಗುತ್ತವೆ. ಹೆಚ್ಚಿನವು ಹೊರದೇಶದವು, ಬೆಲೆ ಕಣ್ಣು ಕುಕ್ಕುವಂಥದ್ದು. ಹಿಮಮಾನವ, ಕೆಂಪೆದೆಯ ಹಕ್ಕಿ, ಬೆಂಕಿಗೂಡಿಗೆ ನೇತುಹಾಕಿದ ಕಾಲುಚೀಲ. ನಮ್ಮೂರಿನಲ್ಲಿ ಡಿಸೆಂಬರ್ ಎಂದರೆ ಅಡಿಕೆ ಒಣಗಿಸುವ ಅಂಗಳ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮೊದಲ ಕ್ರಿಸ್ಮಸ್ ಕಾರ್ಡು ಅಚ್ಚು ಹಾಕಿಸಿದ್ದೇ ಎಲ್ಲರಿಗೂ ಪತ್ರ ಬರೆಯುವ ಕಷ್ಟ ತಪ್ಪಲೆಂದು. ಕಷ್ಟ ತಪ್ಪಿಸುವ ಆ ಕೆಲಸವನ್ನು ಈಗ ಮೊಬೈಲು ಅದಕ್ಕಿಂತ ಚೆನ್ನಾಗಿ ಮಾಡುತ್ತದೆ. ಕಾರ್ಡಿಗೆ ಉಳಿದಿರುವುದು ಕಷ್ಟಪಡುವ ಕೆಲಸ ಮಾತ್ರ. ಹಾಗಾಗಿ ದುಡ್ಡು ಕೊಟ್ಟು ಹಿಮಮಾನವನನ್ನು ತರುವುದಕ್ಕಿಂತ ವಕ್ರವಾಗಿಯಾದರೂ ಒಂದು ಅಡಿಕೆ ಗೊನೆ ಕೆತ್ತುವುದು ಮೇಲೆಂಬುದು ನನ್ನ ಹಟ. ಕನ್ನಡ ಅಕ್ಷರದ ಅಚ್ಚಂತೂ ಅಂಥ ಸೆಟ್ಟುಗಳಲ್ಲಿ ನನಗೆ ಸಿಕ್ಕಿದ್ದೇ ಇಲ್ಲ. ಒತ್ತಕ್ಷರಗಳನ್ನು ಅಷ್ಟು ಸಣ್ಣದಾಗಿ ಕೆತ್ತಲು ನನ್ನ ಕೈಗೂ ಬಾರದು. ಅದಕ್ಕೇ ಊರಿಗೆ ಹೋದಾಗ ಸೀಲು ಅಂಗಡಿಯ ಮೆಟ್ಟಿಲು ಹತ್ತಿದ್ದು.

ಸೀಲು ಸಂಜೆಗೇ ಸಿಕ್ಕಿತು. ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಚೀಲಕ್ಕೆ ಹಾಕಿಕೊಂಡು ಬಂದೆ. ಕೊಚ್ಚಿಯ ಮನೆಯಲ್ಲಿ ಮೊದಲ ಸಲ ಒತ್ತಿ ನೋಡಿದರೆ, ‘ಪೀತಿಯಿಂದ’. ಕಂಪ್ಯೂಟರಿನಲ್ಲಿ ಫಾಂಟು ಬದಲಿಸುವಾಗ ರ ಒತ್ತು ಎಲ್ಲೋ ಬಿದ್ದುಹೋಗಿತ್ತು. ಮುನ್ನೂರೈವತ್ತು ಕಿಲೋಮೀಟರಿಗೂ ದೂರ, ವಾಪಸು ಹೋಗುವಂತಿಲ್ಲ. ಕಾರ್ಡುಗಳು ಆಗಲೇ ದಾರದಲ್ಲಿ ನೇತಾಡುತ್ತಿದ್ದವು. ಸಪೂರ ನಿಬ್ಬಿನ ಪೆನ್ನು ತೆಗೆದು, ಪ್ರತಿಯೊಂದು ‘ಪೀ’ಯ ಕಾಲ ಕೆಳಗೆ ಒಂದೊಂದು ಕೊಂಕು ಎಳೆಯುತ್ತಾ ಕುಳಿತೆ. ನಲವತ್ತು ಕಾರ್ಡು, ನಲವತ್ತು ಕೊಂಕು. ಕೆಲವು ಉದ್ದ, ಕೆಲವು ಗಿಡ್ಡ, ಒಂದೆರಡು ಪಕ್ಕದ ‘ತಿ’ಯ ಕೆಳಗೂ ನುಗ್ಗಿದವು.

ಮರುವರ್ಷ ಎದುರಿಗೇ ಕುಳಿತು, ಒತ್ತಿಸಿ ನೋಡಿ, ಸರಿಯಾದ ಸೀಲು ಮಾಡಿಸಿಕೊಂಡು ಬಂದೆ. ಬಲೆಗಳ ಮೇಲೆ ಬಂಗಾರದ ಸೂರ್ಯ, ಕೆಳಗೆ ಒಂದು ಚುಕ್ಕೆಯೂ ಹೆಚ್ಚುಕಡಿಮೆಯಿಲ್ಲದ ‘ಪ್ರೀತಿಯಿಂದ’. ಸುಳ್ಯಕ್ಕೆ ಕಾರ್ಡು ತಲುಪಿದ ದಿನ ಅಕ್ಕ ಫೋನ್ ಮಾಡಿದಳು.

‘ಬಂತು. ಚಂದ ಉಂಟು. ಈ ಸಲ ಅಂಗಡಿಯಿಂದ ತಂದದ್ದಾ ಮಾರಾಯ್ತಿ?’