ಮೊಳೆ ಹೊಡೆಯದೆ ತೂಗಿದ ನಕ್ಷತ್ರ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವಾಗ ನೀರು, ಪಾರ್ಕಿಂಗ್, ಅಡ್ವಾನ್ಸು ಎಲ್ಲದರ ಮಾತು ಮುಗಿದು ಬೀಗದಕೈ ಕೈಗೆ ಬರುವ ಹೊತ್ತಿಗೆ ಓನರ್ ಬಾಯಿಂದ ಒಂದು ಮಾತು ಬಂದೇ ಬರುತ್ತದೆ: ‘ಗೋಡೆಗೆ ಮೊಳೆ ಮಾತ್ರ ಹೊಡೀಬೇಡಿ, ಈಗ ತಾನೆ ಪೇಂಟ್ ಮಾಡ್ಸಿದೀವಿ.’ ಹದಿನಾಲ್ಕು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದ್ದೇನೆ. ನಾಲ್ಕೂ ಕಡೆ ಇದನ್ನು ಕೇಳಿದ್ದೇನೆ. ಕ್ಯಾಲೆಂಡರಿಗೊಂದು, ಶಿಲುಬೆಗೊಂದು ಎಂದು ಗೋಗರೆದರೆ ಎರಡು ಮೊಳೆಗೆ ಹೇಗೋ ಒಪ್ಪಿಗೆ ಸಿಗುತ್ತದೆ. ಪೇಚು ಶುರುವಾಗುವುದು ಡಿಸೆಂಬರಿನಲ್ಲಿ. ಕ್ರಿಸ್‌ಮಸ್ ನಕ್ಷತ್ರ ಮನೆಯೊಳಗೆ ತೂಗುವ ವಸ್ತುವಲ್ಲವಲ್ಲ.

ಮಂಗಳೂರಿನ ಹತ್ತಿರದ ನಮ್ಮ ಊರಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಬಿದಿರು ಸೀಳಿ ಐದು ಮೂಲೆಯ ಎರಡು ಚೌಕಟ್ಟು ಕಟ್ಟಿ, ನಡುವೆ ಸಣ್ಣ ಕಡ್ಡಿ ಕೊಟ್ಟು ಉಬ್ಬಿಸಿ, ಮೈದಾ ಅಂಟಿನಲ್ಲಿ ಬಣ್ಣದ ಕಾಗದ ಹಚ್ಚಿದರೆ ನಕ್ಷತ್ರ, ನಮ್ಮ ಕೊಂಕಣಿಯಲ್ಲಿ ‘ನೆಕೆತ್ರ್’, ಸಿದ್ಧ. ಪಕ್ಕದ ಮನೆಯವರ ದೀಪಾವಳಿ ಗೂಡುದೀಪಕ್ಕೆ ತಂದ ಬಿದಿರಿನಲ್ಲಿ ಉಳಿದದ್ದೇ ಎಷ್ಟೋ ವರ್ಷ ನಮಗೆ ಸಾಕಾಗಿದೆ. ಒಳಗೊಂದು ಝೀರೋ ಬಲ್ಬು. ಹೆಸರಿಗಷ್ಟೇ ಝೀರೋ, ಕುಡಿಯುತ್ತಿದ್ದುದು ಹನ್ನೆರಡು ಹದಿನೈದು ವಾಟು. ಅಪ್ಪ ಏಣಿ ಹತ್ತಿ, ಕೆಂಪುಕಲ್ಲಿನ ಗೋಡೆಯಲ್ಲಿ ಕೈಗೆ ಸಿಕ್ಕ ಸಂದಿಗೆ ಮೊಳೆ ಬಡಿದು ಇಳಿಯುತ್ತಿದ್ದರು. ಯಾರನ್ನು ಕೇಳುವುದು? ಮನೆ ನಮ್ಮದು.

ಬೆಂಗಳೂರಿನ ಮೊದಲ ಡಿಸೆಂಬರಿನಲ್ಲಿ ನಾನು ನಕ್ಷತ್ರವನ್ನು ಕಿಟಕಿಯ ಒಳಗೇ ತೂಗಿದೆ. ಮೊಳೆಯ ಭಯವೊಂದೇ ಅಲ್ಲ. ಮನೆ ಹುಡುಕುವಾಗ ‘ನೀವು ವೆಜ್ಜಾ?’, ‘ಯಾವ ಪೈಕಿ?’ ಎಂಬ ಪ್ರಶ್ನೆಗಳನ್ನು ದಾಟಿ ಬಂದವರಿಗೆ, ಬಾಲ್ಕನಿಯಲ್ಲಿ ನಕ್ಷತ್ರ ಬೆಳಗಿಸುವುದೆಂದರೆ ಆ ಪ್ರಶ್ನೆಗೆ ಇಡೀ ಬೀದಿಗೆ ಕೇಳುವಂತೆ ಉತ್ತರ ಹೇಳಿದಂತೆ. ಮರುವರ್ಷ ಧೈರ್ಯ ಮಾಡಿ ಕೆಳಗಿನ ಮನೆಯ ಓನರ್ ಆಂಟಿಯನ್ನು ಕೇಳಿದೆ. ‘ಅಯ್ಯೋ, ಹಾಕಮ್ಮ. ನಮ್ಮ ದೀಪಾವಳಿ ಸೀರಿಯಲ್ ಸೆಟ್ ಅಟ್ಟದ ಮೇಲೆ ಸುಮ್ನೆ ಬಿದ್ದಿದೆ, ಅದನ್ನೂ ತಗೊಂಡ್ಹೋಗು. ಆದ್ರೆ ಮೊಳೆ...’ ಅಂದರು. ಕೇಳುವುದಕ್ಕೆ ಮೊದಲು ನಾನು ಒಂದು ವರ್ಷ ಸುಮ್ಮನೆ ಹೆದರಿದ್ದೆ.

ಅಂದಹಾಗೆ, ಈ ಕಾಗದದ ನಕ್ಷತ್ರಕ್ಕೂ ಪರರ ಮನೆಯ ವಾಸಕ್ಕೂ ಹಳೆಯ ನಂಟಿದೆ. ಜರ್ಮನಿಯಲ್ಲಿ ಮೊರೇವಿಯನ್ ಪಂಥದವರು ನಡೆಸುತ್ತಿದ್ದ ವಸತಿಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜ್ಯಾಮಿತಿ ಕಲಿಸುವ ನೆಪದಲ್ಲಿ ಹಲವು ಕೋಡಿನ ನಕ್ಷತ್ರ ಮಾಡಿಸುತ್ತಿದ್ದರು. ಮಿಷನರಿ ಕೆಲಸಕ್ಕೆಂದು ಅಪ್ಪ ಅಮ್ಮ ದೂರದೇಶಕ್ಕೆ ಹೋಗಿದ್ದ ಮಕ್ಕಳು ಅಲ್ಲಿದ್ದರು. ತಮ್ಮದಲ್ಲದ ಕೋಣೆಯಲ್ಲಿ ಹಬ್ಬಕ್ಕೆ ಮುಂಚಿನ ಆಗಮನಕಾಲದ ಭಾನುವಾರ ಅವರು ಅದನ್ನು ತೂಗುತ್ತಿದ್ದರು. ಅಲ್ಲಿ ಮೊಳೆಗೆ ಅನುಮತಿ ಇತ್ತೋ ಏನೋ.

ನಮ್ಮ ಕರಾರುಪತ್ರಕ್ಕೆ ಬರೋಣ. ಅದು ಹನ್ನೊಂದು ತಿಂಗಳಿನದು, ಏಕೆಂದರೆ ಅವಧಿ ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು. ಅದರ ಕೊನೆಯ ಪುಟದಲ್ಲಿ, ಖಾಲಿ ಮಾಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇವೆ ಎಂಬ ಸಾಲು ಇರುತ್ತದೆ. ಹೇಗೂ ಬಣ್ಣದ ದುಡ್ಡು ಕೊಡುತ್ತೇವಲ್ಲ, ಹೊಡೆದೇಬಿಡೋಣ ಎಂದು ನನಗೂ ಅನಿಸಿದ್ದುಂಟು. ಆದರೆ ಹೊರಗೋಡೆಗೆ ಬಿದ್ದ ತೂತು ಒಳಗೋಡೆಯ ತೂತಿನಂತಲ್ಲ. ಮಳೆಗಾಲದಲ್ಲಿ ನೀರು ಅಲ್ಲಿಂದಲೇ ಇಳಿದು, ಒಳಗೆ ಸುಣ್ಣ ಉಬ್ಬಿ ಉದುರುತ್ತದೆ. ಈ ಒಂದು ವಿಷಯದಲ್ಲಿ ಓನರ್ ಹೇಳುವುದು ಸರಿ.

ಮೊಳೆ ಬೇಕಾಗಿಯೂ ಇಲ್ಲ. ಕಳ್ಳರ ಭಯಕ್ಕೆ ಪ್ರತಿ ಕಿಟಕಿಗೂ ಗ್ರಿಲ್, ಬಾಲ್ಕನಿಗೆ ರೇಲಿಂಗ್, ಬಟ್ಟೆ ಒಣಹಾಕಲು ಎದುರುಬದುರು ಕೊಕ್ಕೆ. ಬೆಂಗಳೂರಿನ ಬಾಡಿಗೆ ಮನೆಯೆಂದರೆ ಅರ್ಧ ಕಬ್ಬಿಣವೇ. ದೀಪದ ಸರವನ್ನು ಇವಕ್ಕೆ ಪ್ಲಾಸ್ಟಿಕ್ ಕೇಬಲ್ ಟೈ ಅಥವಾ ಸೆಣಬಿನ ಹುರಿಯಿಂದ ಕಟ್ಟಬಹುದು. ಬೈಂಡಿಂಗ್ ವೈರ್ ಮಾತ್ರ ಬೇಡ. ಗಾಳಿಗೆ ಸರ ಆಡಿದಂತೆಲ್ಲ ಅದು ವೈರಿನ ಸಿಪ್ಪೆ ಕೊಯ್ಯುತ್ತದೆ, ಆಮೇಲೆ ಇಡೀ ಗ್ರಿಲ್ಲಿಗೆ ಕರೆಂಟು. ಅಂಟಿಸುವ ಹುಕ್ಕುಗಳು ಟೈಲ್ಸು, ಗಾಜು, ಪಾಲಿಶ್ ಮಾಡಿದ ಬಾಗಿಲಿಗೆ ಚೆನ್ನಾಗಿ ಹಿಡಿಯುತ್ತವೆ. ಡಿಸ್ಟೆಂಪರ್ ಬಳಿದ ಗೋಡೆಯಲ್ಲಿ ಮಾತ್ರ ಎರಡನೆಯ ದಿನವೇ ಹುಕ್ಕೂ ಬಣ್ಣದ ಪದರವೂ ಒಟ್ಟಿಗೆ ಕಳಚಿ ಬೀಳುತ್ತವೆ. ಮಾಳಿಗೆಯಲ್ಲಿ ಎತ್ತರಕ್ಕೆ ತೂಗಬೇಕೆಂದರೆ ಖಾಲಿ ಪೇಂಟ್ ಡಬ್ಬಕ್ಕೆ ಒದ್ದೆ ಮರಳು ತುಂಬಿ, ಅದರಲ್ಲಿ ಗಳ ನೆಟ್ಟು, ಗಳವನ್ನು ಪ್ಯಾರಪೆಟ್ಟಿನ ಕಂಬಿಗೆ ಬಿಗಿಯಿರಿ. ಡಬ್ಬವೊಂದನ್ನೇ ನಂಬಿದರೆ ಮೊದಲ ಗಾಳಿಗೆ ನಕ್ಷತ್ರ ಪಕ್ಕದ ಸೈಟಿನಲ್ಲಿ ಬಿದ್ದಿರುತ್ತದೆ. ನನ್ನದು ಬಿದ್ದಿತ್ತು.

ಇನ್ನು ಕರೆಂಟು. ಬಾಲ್ಕನಿಗೆ ಪ್ಲಗ್ ಪಾಯಿಂಟ್ ಕೊಟ್ಟ ಮನೆ ನನಗೆ ಸಿಕ್ಕಿಲ್ಲ. ಮೆಟ್ಟಿಲ ಬಳಿಯ ಪಾಯಿಂಟ್ ಕಣ್ಣಿಗೆ ಬೀಳುತ್ತದೆ, ಆದರೆ ಅದು ಕಾಮನ್ ಮೀಟರಿನದು. ಅಲ್ಲಿ ಚುಚ್ಚಿದರೆ ಬಿಲ್ಲಿಗಿಂತ ದೊಡ್ಡದಾಗಿ ಮಾತು ಬರುತ್ತದೆ. ಖರ್ಚೆಷ್ಟು ಎಂದು ಲೆಕ್ಕ ಹಾಕಿದರೆ ನಗು ಬರುತ್ತದೆ: ಹತ್ತು ವಾಟಿನ ಎಲ್‌ಇಡಿ ಸರ ದಿನಕ್ಕೆ ಆರು ಗಂಟೆಯಂತೆ 40 ದಿನ ಉರಿದರೂ 2.4 ಯೂನಿಟ್. ಇಪ್ಪತ್ತು ರೂಪಾಯಿಯೊಳಗಿನ ಮಾತು. ಆದರೂ ನಮ್ಮ ಮೀಟರಿನಿಂದಲೇ ಎಳೆಯುವುದು ಮರ್ಯಾದೆ.

ಆಂಟಿ ಕೊಟ್ಟದ್ದು ಹಳೆಯ ಕಾಲದ ಸರ. ಆರು ವೋಲ್ಟಿನ ನಲವತ್ತರಷ್ಟು ಪುಟ್ಟ ಬಲ್ಬುಗಳನ್ನು ಸಾಲಾಗಿ ಜೋಡಿಸಿ ಮನೆಯ 230 ವೋಲ್ಟನ್ನು ಹಂಚಿಕೊಳ್ಳುವ ಉಪಾಯ. ಸೀರಿಯಲ್ ಸೆಟ್ ಎಂಬ ಹೆಸರು ಬಂದದ್ದೇ ಹಾಗೆ. ಒಂದು ಬಲ್ಬು ಕೈಕೊಟ್ಟರೆ ಸರವೆಲ್ಲ ಕತ್ತಲು. ಆ ಒಂದನ್ನು ಹುಡುಕುತ್ತ ಇಡೀ ಸಂಜೆ ಕಳೆದದ್ದಿದೆ. ಒಳಗೆ ಅದು ಚೆಂದ, ಹೊರಗೆ ಬೇಡ. ಡಿಸೆಂಬರಿನಲ್ಲಿ ಮಳೆ ಎಲ್ಲಿ ಎನ್ನಬೇಡಿ. 2024ರಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಸೇರಿದಾಗ ಡಿಸೆಂಬರ್ ಮೊದಲ ದಿನಗಳಲ್ಲಿ ಬೆಂಗಳೂರೂ ನೆನೆದಿತ್ತು.

ಹಾಗಾಗಿ ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲೋ ಶಿವಾಜಿನಗರದಲ್ಲೋ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಪೊಟ್ಟಣದ ಮೇಲಿನ ಐಪಿ ಸಂಖ್ಯೆ ನೋಡಿ. ಅದರ ಎರಡನೆಯ ಅಂಕಿ ನೀರಿನದು. 4 ಇದ್ದರೆ ಎರಚಲು ತಡೆಯುತ್ತದೆ, 5 ಇದ್ದರೆ ಪೈಪಿನಲ್ಲಿ ಹಾರಿಸಿದ ನೀರನ್ನೂ. ನನ್ನ ಮಟ್ಟಿಗೆ ಬಾಡಿಗೆದಾರರಿಗೆ ಹೇಳಿ ಮಾಡಿಸಿದ್ದು ಐದು ವೋಲ್ಟಿನ ಅಡಾಪ್ಟರ್ ಇರುವ ಸರ. ಅಡಾಪ್ಟರ್ ಒಳಗಿನ ಪ್ಲಗ್ಗಿನಲ್ಲೇ ಉಳಿಯುತ್ತದೆ, ಕಿಟಕಿ ದಾಟಿ ಹೋಗುವುದು ಮಗು ಮುಟ್ಟಿದರೂ ಶಾಕ್ ಹೊಡೆಯದಷ್ಟು ಸಣ್ಣ ಕರೆಂಟು. ವೈರನ್ನು ಕಿಟಕಿಯ ಹತ್ತಿರ ಒಮ್ಮೆ ಕೆಳಕ್ಕೆ ಜೋಲುಬಿಟ್ಟು ಮೇಲಕ್ಕೆ ಎಳೆದುಕೊಳ್ಳಿ, ಹರಿದು ಬಂದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ. ಟೇಪ್ ಸುತ್ತಿದ ಜಾಯಿಂಟ್ ಹೊರಗೆ ಇರಲೇಬಾರದು.

ಎದುರು ಮನೆಯವರ ಮಾತೂ ಇದೆ. ಮಿಣಮಿಣ ಮಿನುಗುವ ಸರಗಳಿಗೆ ಒಂದು ಪುಟ್ಟ ಗುಂಡಿ ಇರುತ್ತದೆ, ಒತ್ತುತ್ತ ಹೋದರೆ ಕೊನೆಗೆ ಸ್ಥಿರವಾಗಿ ಉರಿಯುತ್ತದೆ. ಕರೆಂಟು ಹೋಗಿ ಬಂದರೆ ಅಗ್ಗದ ಸರಗಳಲ್ಲಿ ಮತ್ತೆ ಮೊದಲಿನಿಂದ ಕುಣಿತ. ನಡುರಾತ್ರಿ ಹಾಗೆ ಕುಣಿದದ್ದಕ್ಕೆ ಒಮ್ಮೆ ಎದುರುಮನೆಯ ಅಜ್ಜಿ, ‘ನಿಮ್ಮ ದೀಪ ಚೆಂದ ಕಣಮ್ಮ, ನಂಗೆ ನಿದ್ದೆ ಬೇಕಿತ್ತು’ ಎಂದು ಬೆಳಗ್ಗೆ ಹಾಲು ತರುವಾಗ ಹೇಳಿದರು. ಅಂದಿನಿಂದ ಹತ್ತೂವರೆಗೆ ಸ್ವಿಚ್ ಆಫ್.

ಜನವರಿ 6, ಮೂವರು ರಾಯರ ಹಬ್ಬ ಕಳೆದ ಮೇಲೆ ಎಲ್ಲ ಇಳಿಸುವುದು. ಸರವನ್ನು ರಟ್ಟಿಗೆ ಸುತ್ತಿ, ಹೊರಗಿನದು ಒಳಗಿನದು ಎಂದು ಬರೆದಿಟ್ಟರೆ ಮುಂದಿನ ಮನೆಗೆ ಸಾಗಿಸುವಾಗ ಸಲೀಸು.

ಈಗಿನದು ನಾಲ್ಕನೆಯ ಮನೆ. ಇಲ್ಲಿ ನಕ್ಷತ್ರ ತೂಗುವುದು ಬಾಲ್ಕನಿಯಲ್ಲಿ ಬಟ್ಟೆ ಹಗ್ಗದ ಕೊಕ್ಕೆಗೆ. ಹಾಗಾಗಿ ಡಿಸೆಂಬರ್ ಪೂರ್ತಿ ನಮ್ಮ ಬಟ್ಟೆ ಒಣಗುವುದು ಮಾಳಿಗೆಯ ಮೇಲೆ.