ಚಿಲ್ಲೂರು ಬಡ್ನಿಯ ಹುಡುಗ ಗೆದ್ದ ಮರುದಿನ

2025ರ ಜನವರಿ 26ರ ರಾತ್ರಿ ಬಿಗ್ ಬಾಸ್ 11ನೇ ಸೀಸನ್ನಿನ ಫಿನಾಲೆಯಲ್ಲಿ ಗೆದ್ದವನು ಹನುಮಂತ ಲಮಾಣಿ. ನಮ್ಮ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿ ತಾಂಡಾದವನು, ಕುರಿ ಕಾಯ್ದುಕೊಂಡು ಹಾಡುತ್ತಿದ್ದ ಹುಡುಗ. 2019ರಲ್ಲಿ ಜೀ ಕನ್ನಡದ ‘ಸರಿಗಮಪ’ದಲ್ಲಿ ಎರಡನೇ ಸ್ಥಾನಕ್ಕೆ ಬಂದಾಗಲೇ ಅವನ ಲುಂಗಿ, ಹೆಗಲ ಮೇಲಿನ ಟವೆಲು ರಾಜ್ಯಕ್ಕೆಲ್ಲ ಗುರುತಾಗಿದ್ದವು. ಈ ಸಲ ಬಹುಮಾನ 50 ಲಕ್ಷ ರೂಪಾಯಿ.

ಮರುದಿನ ಸೋಮವಾರ. ನಾನು ಶಿಗ್ಗಾವಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ತಾಂಡಾದ ಹುಡುಗನೊಬ್ಬನಿದ್ದ. ಹೆಸರು ಕೂಗಿದರೆ ‘ಹಾಜರ್ರಿ’ ಎನ್ನುವುದು ಬಿಟ್ಟರೆ ವರ್ಷವೆಲ್ಲ ಅವನ ದನಿ ಕೇಳಿದ್ದಿಲ್ಲ. ಅವತ್ತು ತಾನಾಗಿ ಎದ್ದು ಬಂದ. ‘ಮೇಡಂ, ಒಂದು ಹಾಡು ಹಾಡ್ಲೇನ್ರಿ?’ ಹಾಡಿದ್ದು ಲಂಬಾಣಿ ಹಾಡು, ಅವನ ಅಜ್ಜಿ ಹೋಳಿಯಲ್ಲಿ ಹಾಡುವುದಂತೆ. ತಾಂಡಾದ ಮಕ್ಕಳಿಗೆ ಇಷ್ಟು ವರ್ಷ ಪಾಠ ಹೇಳಿದ್ದೇನೆ, ಅವರ ಮನೆಮಾತು ನನ್ನ ಕ್ಲಾಸಿನೊಳಗೆ ಕೇಳಿಸಿದ್ದು ಅದೇ ಮೊದಲು. ನಗಲು ತಯಾರಾಗಿದ್ದ ಒಂದಿಬ್ಬರು ಸುತ್ತ ಯಾರೂ ನಗದ್ದು ನೋಡಿ ಸುಮ್ಮನಾದರು.

ಟಿವಿ, ಮೊಬೈಲು ಮಕ್ಕಳ ಸಂಸ್ಕಾರ ಕೆಡಿಸುತ್ತವೆ ಎಂದು ಪ್ರತಿ ಪಾಲಕರ ಸಭೆಯಲ್ಲಿ ಯಾರಾದರೊಬ್ಬರು ಭಾಷಣ ಮಾಡುತ್ತಾರೆ. ಮಾಡಿ ಮುಗಿಸಿ ತಾವೇ ಮೊಬೈಲು ತೆಗೆಯುತ್ತಾರೆ, ಆ ಮಾತು ಬೇರೆ. ನನಗೆ ಕಾಣುವುದು ಇದು: ಒಳ್ಳೆಯದು ಕೆಟ್ಟದ್ದು ಕಲಿಸುವುದಕ್ಕಿಂತ ಮೊದಲೇ ಪರದೆ ಮಕ್ಕಳಿಗೆ ಇನ್ನೊಂದು ವಿಷಯ ತಿಳಿಸಿಬಿಟ್ಟಿರುತ್ತದೆ. ನಿನ್ನಂಥವರಿಗೆ ಇಲ್ಲಿ ಯಾವ ಪಾರ್ಟು ಉಂಟು, ಯಾವುದು ಇಲ್ಲ ಎಂಬುದನ್ನು.

ನಮ್ಮ ಕಡೆಯ ಮಾತನ್ನೇ ತೆಗೆದುಕೊಳ್ಳಿ. ಸೀರಿಯಲ್ಲಿನಲ್ಲಿ ‘ಹೌದ್ರಿ, ಬರ್ತೇನ್ರಿ’ ಎನ್ನುವವರು ಬಹುಮಟ್ಟಿಗೆ ಅಡುಗೆಯವರು, ವಾಚ್‌ಮನ್ನು, ಇಲ್ಲವೇ ನಗಿಸಲು ಬಂದವರು. ನಾಯಕಿ ಹುಟ್ಟಿದ್ದು ಯಾವ ಊರಾದರೂ ಆಡುವುದು ಬೆಂಗಳೂರಿನ ಕನ್ನಡ. ಶಾಲೆಯ ಕಾರ್ಯಕ್ರಮಕ್ಕೆಂದು ನಮ್ಮ ಹುಡುಗಿಯೊಬ್ಬಳ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಫೋನು ಎತ್ತಿದ್ದೇ ತಡ, ಕತ್ತು ಸ್ವಲ್ಪ ವಾಲಿತು, ‘ಹಾಯ್ ಫ್ರೆಂಡ್ಸ್, ಎಲ್ರೂ ಹೇಗಿದ್ದೀರಾ’ ಎಂದು ಶುರುವಾಯಿತು. ನಿಲ್ಲಿಸಿದ ಕೂಡಲೇ, ‘ಮೇಡಂ, ಚೊಲೊ ಬಂತೇನ್ರಿ? ಇನ್ನೊಮ್ಮೆ ಮಾಡೂಣ್ರಿ?’ ಎಂಥ ಸಲೀಸು! ಎರಡು ಬಗೆಯ ಮಾತು ಬಲ್ಲವಳು ಜಾಣೆಯೇ, ಅದರಲ್ಲಿ ತಪ್ಪಿಲ್ಲ. ಆದರೆ ತನ್ನದೇ ಮಾತಿನಲ್ಲಿ ಹೇಳು ಎಂದಾಗ ಅವಳು ಕೊಟ್ಟ ಉತ್ತರ, ‘ಮಂದಿ ಕಾಮಿಡಿ ಅಂತಾರ್ರಿ.’

ಹನುಮಂತನ ಗೆಲುವು ಈ ಕಟ್ಟನ್ನು ಸ್ವಲ್ಪ ಸಡಿಲಿಸಿತು, ಪೂರ್ತಿ ಬಿಚ್ಚಲಿಲ್ಲ. ಅವನು ಆಟ ಬಲ್ಲ ಹುಡುಗ, ಯಾವಾಗ ಸುಮ್ಮನಿರಬೇಕು ಎಂಬುದು ಗೊತ್ತಿದ್ದವನು. ಟಿವಿಯ ಮಂದಿಗೆ ಮಾತ್ರ ಬೇಕಾದದ್ದು ‘ಮುಗ್ಧ’. ಆ ಒಂದೇ ಪದವನ್ನು ಎಷ್ಟು ಸಲ ಹೇಳಿದರೋ. ಅದರ ಮುಂದಿನ ಶಾಲೆಯ ಗ್ಯಾದರಿಂಗಿನಲ್ಲಿ ನಮ್ಮ ಹುಡುಗರು ಲುಂಗಿ ಉಟ್ಟು, ಕಣ್ಣು ಅರಳಿಸಿ, ಏನೂ ತಿಳಿಯದವರ ಹಾಗೆ ನಿಂತರು. ಮನೆಯಲ್ಲಿ ಅಪ್ಪನ ಟ್ರ್ಯಾಕ್ಟರ್ ರಿಪೇರಿ ಮಾಡುವ, ಗೋವಿನಜೋಳದ ರೇಟು ಫೋನಿನಲ್ಲಿ ನೋಡಿ ಹೇಳುವ ಹುಡುಗರು ಇವರು.

ಹುಡುಗಿಯರ ಸಂಗತಿ ಇನ್ನೂ ಸೂಕ್ಷ್ಮ. ಮುಖಕ್ಕೆ ಹಚ್ಚುವ ಪ್ರಸಿದ್ಧ ಕ್ರೀಮು 2020ರಲ್ಲಿ ತನ್ನ ಹೆಸರಿನ ‘ಫೇರ್’ ಬಿಟ್ಟು ‘ಗ್ಲೋ’ ಆಯಿತು. ಅಷ್ಟರಲ್ಲಿ ಫೋನಿನ ಫಿಲ್ಟರು ಅದೇ ಕೆಲಸವನ್ನು ಪುಕ್ಕಟೆ ಮಾಡತೊಡಗಿತ್ತು. ಮೈಬಣ್ಣದಂತೆ ಮೈಕಟ್ಟಿಗೂ ಪರದೆಯದೇ ಅಳತೆ. ಫಿಜಿ ದ್ವೀಪದ ನಾಡ್ರೋಗಾ ಪ್ರಾಂತಕ್ಕೆ ಟಿವಿ ಬಂದದ್ದು 1995ರಲ್ಲಿ. ಮೈತುಂಬಿಕೊಂಡವಳೇ ಚೆಲುವೆ ಎನ್ನುವ ನಾಡು ಅದು. ಹಾರ್ವರ್ಡಿನ ಆನ್ ಬೆಕರ್ ಆಗ ಅಲ್ಲಿನ ಹೈಸ್ಕೂಲು ಹುಡುಗಿಯರನ್ನು ವಿಚಾರಿಸಿದಾಗ ತೆಳ್ಳಗಾಗಲು ವಾಂತಿ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ನೂರಕ್ಕೆ 11 ಮಂದಿ ಹೌದೆಂದರು. ಹಾಗೆಂದು ಟಿವಿ ಡಬ್ಬಿ ಒಡೆದು ಹಾಕಿ ಎನ್ನಲಾರೆ. 2001ರಿಂದ 2003ರವರೆಗೆ ನಮ್ಮ ದೇಶದ ಹಳ್ಳಿಗಳ ಲೆಕ್ಕ ಹಿಡಿದು ನೋಡಿದ ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಅವರಿಗೆ ಬೇರೆಯೇ ಕಂಡಿತು. ಕೇಬಲ್ ಬಂದ ಊರುಗಳಲ್ಲಿ ಗಂಡ ಹೊಡೆದರೆ ತಪ್ಪಿಲ್ಲ ಎನ್ನುವ ಹೆಂಗಸರು ಕಡಿಮೆಯಾಗಿದ್ದರು, ಗಂಡುಮಗುವೇ ಬೇಕೆನ್ನುವ ಹಟವೂ ತಗ್ಗಿತ್ತು. ಪರದೆ ಕೊಡುವುದೂ ಉಂಟು.

ನಮ್ಮನ್ನು ನಾವು ನೋಡಿಕೊಳ್ಳಲು ಪರದೆಯೇ ಬೇಕೆಂದಿಲ್ಲ. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ, ಹೈವೇ ಪಕ್ಕ, ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕನ್ನೇ ಸಿಮೆಂಟಿನಲ್ಲಿ ಎರಕ ಹೊಯ್ದಂತೆ ಆಳೆತ್ತರದ ಗೊಂಬೆಗಳು. ರಾಜಕುಮಾರ್ ಅವರ ಸಿನಿಮಾ ಪಾತ್ರಗಳೂ ಅಲ್ಲಿವೆ. ನಮ್ಮ ಮಕ್ಕಳು ರಾಜಕುಮಾರ್ ಮುಂದೆ ಸೆಲ್ಫಿಗೆ ಸಾಲು ನಿಲ್ಲುತ್ತಾರೆ. ಎಮ್ಮೆ, ಮಜ್ಜಿಗೆ ಕಡೆಯುವ ಹೆಂಗಸು ಕಂಡಾಗ ಒಬ್ಬ ಕೇಳಿದ, ‘ಇದನ್ನ ನೋಡಾಕ ಬೆಂಗಳೂರಿಂದ ರೊಕ್ಕ ಕೊಟ್ಟು ಬರ್ತಾರೇನ್ರಿ? ನಮ್ಮನಿಗೆ ಕರ್ಕೊಂಡ ಬರ್ರಿ, ಪುಕ್ಕಟೆ ತೋರಸ್ತೀನಿ.’ ನಕ್ಕು ಸಾಕಾಯಿತು. ತನ್ನ ಮನೆ ನೋಡತಕ್ಕದ್ದು ಎಂಬ ಮಾತು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ನಮ್ಮ ಮನೆ, ನಮ್ಮ ಮಾತು ನೋಡತಕ್ಕದ್ದಲ್ಲ ಎನ್ನುವುದು ಹೊಸ ಗೋಳೇನಲ್ಲ. ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿ 1856ರಲ್ಲಿ ಹುಟ್ಟಿದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಶಾಲೆಯ ಮಾಸ್ತರರು. ಆಗ ನಾವು ಮುಂಬಯಿ ಪ್ರಾಂತದವರು, ನಾಟಕವೆಂದರೆ ಮರಾಠಿ ಎಂಬ ಕಾಲ. ಕನ್ನಡ ಮನೆಯ ಮಾತು, ರಂಗದ ಮೇಲೆ ಅದು ಶೋಭಿಸದು ಎಂದು ಕಲಿತವರೇ ನಂಬಿದ್ದರು. ಶಾಂತಕವಿಗಳು ಅದನ್ನು ಬೈಯುತ್ತ ಕೂಡಲಿಲ್ಲ. 1877ರ ಸುಮಾರಿಗೆ ಗದುಗಿನಲ್ಲಿ ಮಂಡಳಿ ಕಟ್ಟಿ, ನಾಟಕ ಬರೆದು, ಕನ್ನಡದ ಹುಡುಗರಿಗೆ ರಾಜನ, ದೇವರ ವೇಷ ಹಾಕಿಸಿ ಕನ್ನಡದಲ್ಲೇ ಮಾತಾಡಿಸಿದರು.

ನನ್ನ ತವರು ಹಾನಗಲ್ ತಾಲ್ಲೂಕು. ಅಲ್ಲಿನ ಶೇಷಗಿರಿಗೆ ರಂಗಗ್ರಾಮ ಎಂದೇ ಹೆಸರು. ಗಜಾನನ ಯುವಕ ಮಂಡಳದವರು ಹಳ್ಳಿಯಲ್ಲಿ ರಂಗಮಂದಿರ ಮಾಡಿಕೊಂಡು ನಾಟಕ ಆಡುತ್ತಾರೆ, ಹೊರಗಿನ ತಂಡಗಳನ್ನೂ ಕರೆಸುತ್ತಾರೆ. ಹಗಲು ಹೊಲ, ರಾತ್ರಿ ತಾಲೀಮು. ಇವತ್ತು ಸೇನಾಪತಿ, ಮುಂದಿನ ವರ್ಷ ಮುದುಕ, ಆಮೇಲೆ ಕಳ್ಳ. ಮೂರು ಮಂದಿಯ ಮನಸ್ಸು ಹೊಕ್ಕು ಬಂದವನಿಗೆ ‘ನೀನು ಇಷ್ಟೇ’ ಎಂದರೆ ಅವನು ಅಷ್ಟು ಸುಲಭಕ್ಕೆ ಒಪ್ಪಲಾರ. ಒಳ್ಳೆಯ ಕಾದಂಬರಿ ಮಾಡುವುದೂ ಇದನ್ನೇ, ಆದರೆ ಓದುವ ಚಟ ಹತ್ತಿಸಲು ವರ್ಷ ಬೇಕು. ನಾಟಕಕ್ಕೆ ಒಂದು ತಿಂಗಳು ಸಾಕು. ರೀಲ್ಸ್ ಮಾಡುವವನೂ ನಟನೇ, ಆದರೆ ಅವನು ಅದೇ ಹಾಡಿಗೆ ಅದೇ ಕೈ ತಿರುಗಿಸುತ್ತಾನೆ, ಲೈಕ್ ಬಂದದ್ದನ್ನೇ ಮತ್ತೆ ಮಾಡುತ್ತಾನೆ.

ನಾಟಕದವರದ್ದೆಲ್ಲ ಸರಿ ಎಂದೂ ಅಲ್ಲ. ನಮ್ಮ ಊರುಗಳ ಜಾತ್ರೆಯ ನಾಟಕದಲ್ಲಿ ಊರ ಗಂಡಸರು ಆಡುತ್ತಾರೆ, ನಾಯಕಿಯನ್ನು ಮಾತ್ರ ಹೊರಗಿನಿಂದ ದುಡ್ಡು ಕೊಟ್ಟು ಕರೆಸುತ್ತಾರೆ. ಹ್ಯಾಂಡ್‌ಬಿಲ್ಲಿನಲ್ಲಿ ಎಲ್ಲರ ಫೋಟೊ ಇರುತ್ತದೆ, ಊರ ಹೆಣ್ಣುಮಗಳೊಬ್ಬಳದೂ ಇರುವುದಿಲ್ಲ. ತಂಗಿಯ ಮಾನಕ್ಕಾಗಿ ಅಣ್ಣ ಪ್ರಾಣ ಕೊಡುವ ಕಥೆಯನ್ನು ಊರ ತಂಗಿಯರು ಕೆಳಗೆ ಚಾಪೆಯ ಮೇಲೆ ಕೂತು ನೋಡಬೇಕು.

ಹಾಗಾಗಿ ಕಳೆದ ಗ್ಯಾದರಿಂಗಿನಲ್ಲಿ ಸಂಗೊಳ್ಳಿ ರಾಯಣ್ಣನ ಪಾರ್ಟನ್ನು ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಕೊಟ್ಟೆ. ಫೋನಿನ ಮುಂದೆ ‘ಹಾಯ್ ಫ್ರೆಂಡ್ಸ್’ ಎಂದವಳೇ. ಹಿಂದಿನ ದಿನ ಅವರಪ್ಪ ಸ್ಟಾಫ್ ರೂಮಿಗೆ ಬಂದರು. ‘ಪಾರ್ಟ್ ಮಾಡ್ಲಿ ಮೇಡಂರ, ಬ್ಯಾಡ ಅನ್ನಂಗಿಲ್ಲ. ಮೀಸಿ ಒಂದ ಹಚ್ಚಬ್ಯಾಡ್ರಿ. ಫೋಟೊ ವಾಟ್ಸಾಪಿನ್ಯಾಗ ಹೋತಂದ್ರ ನಾಳಿ ಹುಡುಗಿ ನೋಡಾಕ ಬಂದವ್ರು ಏನಂತಾರ?’ ಒಪ್ಪಿದೆ. ಹುಡುಗಿ ಒಪ್ಪಲಿಲ್ಲ, ಪರದೆಯ ಹಿಂದೆ ಗೆಳತಿಯ ಕಣ್ಣುಕಪ್ಪಿನಿಂದ ತಾನೇ ಬರೆದುಕೊಂಡಳು. ಅಪ್ಪ ಮುಂದಿನ ಸಾಲಿನಲ್ಲೇ ಇದ್ದರು, ಎದ್ದು ಹೋಗಲಿಲ್ಲ. ಅವತ್ತು ಅವಳು ಆಡಿದ್ದು ಮನೆಯ ಮಾತಿನಲ್ಲೇ, ಯಾರೂ ಕಾಮಿಡಿ ಎನ್ನಲಿಲ್ಲ. ಈಗ ಶಾಲೆಯ ಲೈಬ್ರರಿಯಿಂದ ನಾಟಕದ ಪುಸ್ತಕಗಳನ್ನೇ ಒಯ್ಯುತ್ತಾಳೆ. ಕಾಲೇಜಿಗೆ ಹೋದ ಮೇಲೆ ಆಡಲು ಪಾರ್ಟು ಹುಡುಕುತ್ತಿದ್ದಾಳಂತೆ. ಅಳುವ ಪಾರ್ಟು ಬೇಡವಂತೆ.